ಲಿನಿನ್ ಗಿರಣಿಯ ಊರೂ ನಮ್ಮ ಲೈನ್ ಮನೆಗಳೂ

ಮಾನ್ಯ ಸಂಪಾದಕರೇ,

ಕೋಲಾರದ ಚಿನ್ನದ ಗಣಿಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿಯೂ ಇತರ ಕನ್ನಡ ಪತ್ರಿಕೆಗಳಲ್ಲಿಯೂ ಆಗಾಗ ಬರಹಗಳು ಬರುತ್ತಲೇ ಇರುತ್ತವೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು, 1902ರಲ್ಲಿಯೇ ಇಲ್ಲಿಗೆ ವಿದ್ಯುತ್ ಬಂದಿತ್ತು, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು ಎಂಬ ಮೂರು ಸಂಗತಿಗಳು ಹೆಚ್ಚುಕಡಿಮೆ ಪ್ರತಿಯೊಂದು ಬರಹದಲ್ಲಿಯೂ ಇರುತ್ತವೆ. ಮೂರೂ ನಿಜವೇ. ಆದರೆ ಗಣಿ ಕಾರ್ಮಿಕರ ಮಗನಾಗಿ ಹುಟ್ಟಿ, ಗಣಿ ಕಂಪನಿಯ ಸಾಲುಮನೆಯಾದ ಲೈನ್ ಮನೆಯಲ್ಲಿ ಬೆಳೆದು, ಮೂವತ್ತು ವರ್ಷ ಮೇಷ್ಟರಾಗಿ ದುಡಿದು ನಿವೃತ್ತನಾಗಿರುವ ನನಗೆ ಅವುಗಳನ್ನು ಓದಿದಾಗಲೆಲ್ಲ ಒಂದು ಕೊರತೆ ಕಾಣುತ್ತದೆ. ಅವುಗಳಲ್ಲಿ ಗಣಿ ಇರುತ್ತದೆ, ಗಣಿಗಾಗಿ ಕಟ್ಟಿದ ಊರು ಇರುವುದಿಲ್ಲ. ನೆಲದ ಕೆಳಗೆ ಎಂಟು ಗಂಟೆ ಕಳೆದವರು ಉಳಿದ ಹದಿನಾರು ಗಂಟೆಯನ್ನು ಎಲ್ಲಿ, ಯಾರ ಸೂರಿನ ಕೆಳಗೆ, ಯಾರು ಹಾಕಿದ ಕಟ್ಟುಪಾಡಿನಲ್ಲಿ ಕಳೆದರು ಎಂಬುದನ್ನು ಯಾರೂ ಕೇಳಿದಂತಿಲ್ಲ.

ನನಗೂ ಇದು ಸ್ಪಷ್ಟವಾದದ್ದು ಪರದೇಶದ ಒಂದು ಹಳ್ಳಿಯನ್ನು ನೋಡಿದ ಮೇಲೆಯೇ. ನನ್ನ ಮಗಳು ಉತ್ತರ ಐರ್ಲೆಂಡಿನ ನ್ಯೂರಿ ಎಂಬ ಪಟ್ಟಣದಲ್ಲಿ ನರ್ಸ್ ಆಗಿದ್ದಾಳೆ. ಅವಳ ಬಾಣಂತನಕ್ಕೆಂದು ಹೊರಟ ನನ್ನ ಹೆಂಡತಿಯ ಜೊತೆಗೆ ನಾನೂ ಹೋಗಿ ಮೂರು ತಿಂಗಳು ಅಲ್ಲಿದ್ದೆ. ಅವರು ಬಾಡಿಗೆಗೆ ಹಿಡಿದಿರುವ ಮನೆ ನ್ಯೂರಿಯಿಂದ ಸುಮಾರು ಮೂರು ಮೈಲಿ ದೂರದ ಬೆಸ್‌ಬ್ರುಕ್ ಎಂಬ ಹಳ್ಳಿಯಲ್ಲಿದೆ. ಬಾಣಂತಿಯ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಬೆಳಿಗ್ಗೆಯೂ ಸಂಜೆಯೂ ಊರು ಸುತ್ತುತ್ತಿದ್ದೆ. ಎರಡನೆಯ ದಿನವೇ, ಎಂದೂ ಕಾಲಿಡದ ಈ ಊರು ನನಗೆ ಗೊತ್ತಿರುವ ಊರು ಎನ್ನಿಸಿತು. ಒಂದೇ ಅಳತೆಯ, ಒಂದೇ ಎತ್ತರದ, ಗೋಡೆಗೆ ಗೋಡೆ ಸೇರಿದ ಕಲ್ಲಿನ ಮನೆಗಳ ಸಾಲುಗಳು. ಆ ಸಾಲುಗಳ ನಡುವೆ ಹಸಿರು ಚೌಕ. ಇಳಿಜಾರಿನ ತುದಿಯಲ್ಲಿ, ಊರಿಗೆಲ್ಲ ಯಜಮಾನನಂತೆ ನಿಂತಿರುವ ಗಿರಣಿಯ ಕಟ್ಟಡ. ಊರು ತನ್ನಷ್ಟಕ್ಕೆ ಬೆಳೆದರೆ ಮನೆಗಳು ಹೀಗೆ ಸಾಲಾಗಿ ನಿಲ್ಲುವುದಿಲ್ಲ. ಇದು ಕಂಪನಿ ಕಟ್ಟಿದ ಊರು ಎಂಬುದು, ಯಾರೂ ಹೇಳುವ ಮೊದಲೇ, ಲೈನ್ ಮನೆಯಲ್ಲಿ ಬೆಳೆದವನ ಕಣ್ಣಿಗೆ ಗೊತ್ತಾಯಿತು.

ಅದು ಲಿನಿನ್ ಗಿರಣಿ. ಲಿನಿನ್ ಎಂದರೆ ನಮ್ಮಲ್ಲಿ ಈಚೆಗೆ ಅಂಗಡಿಯ ಬೆಲೆಬಾಳುವ ಅಂಗಿ ನೆನಪಾಗುತ್ತದೆ. ಆದರೆ ಅದು ಅಗಸೆ ಗಿಡದ ನಾರು. ಹುಬ್ಬಳ್ಳಿ ಕಡೆಯವರು ಚಟ್ನಿಪುಡಿ ಮಾಡುವ ಅದೇ ಅಗಸೆ. ಎಣ್ಣೆಗೂ ಕಾಳಿಗೂ ಬೆಳೆಯುವ ತಳಿ ಗಿಡ್ಡಾಗಿ ಕವಲೊಡೆಯುತ್ತದೆ. ನಾರಿಗೆ ಬೆಳೆಯುವ ತಳಿ ಕವಲಿಲ್ಲದೆ ಸೊಂಟದೆತ್ತರಕ್ಕೆ ನೆಟ್ಟಗೆ ಹೋಗುತ್ತದೆ. ಎರಡಕ್ಕೂ ಹೂವು ನೀಲಿ. ಐರ್ಲೆಂಡಿನ ಉತ್ತರ ಭಾಗದಲ್ಲಿ ಇದನ್ನು ವಸಂತದಲ್ಲಿ ಬಿತ್ತಿ ಬೇಸಿಗೆಯ ಕೊನೆಗೆ ಕೀಳುತ್ತಿದ್ದರು. ಕೊಯ್ಯುವಂತಿಲ್ಲ, ಬುಡಸಹಿತ ಕೀಳಬೇಕು. ಕೊಯ್ದರೆ ನಾರಿನ ಉದ್ದ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕಿತ್ತ ಕಟ್ಟುಗಳನ್ನು ಹೊಂಡದ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಒಂದೆರಡು ವಾರ ಕೊಳೆಹಾಕುತ್ತಿದ್ದರು. ಆ ನಾತ ಮೈಲಿಗಟ್ಟಲೆ ಹರಡುತ್ತಿತ್ತಂತೆ. ನಮ್ಮ ಮುಳಬಾಗಿಲು ಕಡೆ ನೀರಿನ ಕುಂಟೆಗಳಲ್ಲಿ ಕತ್ತಾಳೆ ಪಟ್ಟೆ ಕೊಳೆಹಾಕಿ ಹಗ್ಗಕ್ಕೆ ನಾರು ತೆಗೆಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದವರಿಗೆ ಆ ನಾತ ಎಂಥದ್ದೆಂದು ವಿವರಿಸಬೇಕಾಗಿಲ್ಲ. ಕೊಳೆತದ್ದನ್ನು ಹೊಲದಲ್ಲಿ ಹರಡಿ ಒಣಗಿಸಿ, ಬಡಿದು ಸಿಬಿರು ಉದುರಿಸಿ, ಉಕ್ಕಿನ ಹಲ್ಲುಗಳ ನಡುವೆ ಮತ್ತೆ ಮತ್ತೆ ಬಾಚಿದರೆ ಕೊನೆಗೆ ಉಳಿಯುವುದು ಹೆಂಗಸರ ಕೂದಲಿನಷ್ಟು ನಯವಾದ, ಒಣಹುಲ್ಲಿನ ಬಣ್ಣದ ನಾರು. ಈ ಬಡಿಯುವ, ಬಾಚುವ ಕೋಣೆಗಳಲ್ಲಿ ಏಳುತ್ತಿದ್ದ ದೂಳು ಕಾರ್ಮಿಕರ ಎದೆಗೂಡಿಗೆ ಇಳಿಯುತ್ತಿತ್ತು. ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗಕ್ಕೆ ಸಿಲಿಕೋಸಿಸ್ ಎಂಬ ಹೆಸರನ್ನು ವೈದ್ಯರ ಬಾಯಿಂದ ಕೇಳುವ ಮೊದಲೇ ಅದರ ಕೆಮ್ಮನ್ನು ಕೇಳಿ ಬೆಳೆದ ನಮ್ಮ ಗಣಿಯ ಮಕ್ಕಳಿಗೆ ಇದು ಹೊಸದಲ್ಲ.

ನೂಲುವ ಕೋಣೆಯ ಕಥೆ ಬೇರೆ. ಅಗಸೆ ನಾರಿನಲ್ಲಿ ಒಂದು ಬಗೆಯ ಅಂಟು ಇರುತ್ತದೆ. ಒಣಗಿದ್ದಾಗ ಅದನ್ನು ಸಣ್ಣ ಎಳೆಯಾಗಿ ಯಂತ್ರದಲ್ಲಿ ನೂಲಲು ಬರುವುದಿಲ್ಲ. 1825ರಲ್ಲಿ ಜೇಮ್ಸ್ ಕೇ ಎಂಬಾತ ನಾರನ್ನು ನೀರಿನಲ್ಲಿ ಹಾಯಿಸಿ ನೂಲುವ ಕ್ರಮವನ್ನು ಕಂಡುಹಿಡಿದ ಮೇಲೆ ಗಿರಣಿಗಳು ನಯವಾದ ನೂಲು ತೆಗೆಯತೊಡಗಿದವು. ಅಂದಿನಿಂದ ನೂಲುವ ಕೋಣೆಯೆಂದರೆ ಬಿಸಿನೀರಿನ ತೊಟ್ಟಿಗಳ ಸಾಲು, ಹಬೆ, ಸದಾ ನೀರು ನಿಂತ ನೆಲ. ಮಗಳ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಹೆಂಗಸು ಇದ್ದಾರೆ. ಮೊಮ್ಮಗುವನ್ನು ಬಿಸಿಲಿಗೆ ಹಿಡಿದುಕೊಂಡು ಕೂತಿದ್ದ ನನ್ನನ್ನು ಮೊದಲು ಮಾತಾಡಿಸಿದವರು ಅವರೇ. ಹದಿನೈದರ ವಯಸ್ಸಿಗೆ ಗಿರಣಿ ಸೇರಿ, ತುಂಬಿದ ಕದಿರುಗಳನ್ನು ತೆಗೆದು ಖಾಲಿ ಕದಿರು ಸಿಕ್ಕಿಸುವ ಕೆಲಸ ಮಾಡಿದವರು. ನೂಲುವ ಕೋಣೆಯಲ್ಲಿ ಬರಿಗಾಲಿನಲ್ಲಿಯೇ ನಡೆದಾಡುತ್ತಿದ್ದೆವು, ಚಪ್ಪಲಿ ಮೆಟ್ಟಿದರೆ ಜಾರುತ್ತಿತ್ತು ಎಂದು ಹೇಳುತ್ತ ಅವರು ಕಾಲುಚೀಲ ಕಳಚಿ ಹೆಬ್ಬೆರಳನ್ನು ತೋರಿಸಿದರು. ಉಗುರು ಇರಬೇಕಾದ ಕಡೆ ಒಂದು ಗಟ್ಟಿ ಗಂಟಿತ್ತು. ಕೊಳಕು ನೀರಿನಲ್ಲಿ ನೆನೆದು ನೆನೆದು ಕೀವಾಗಿ ಉಗುರು ಬಿದ್ದುಹೋಗುವುದು ಆ ಕೆಲಸದ ಹುಡುಗಿಯರಿಗೆ ಮಾಮೂಲಾಗಿತ್ತಂತೆ. ತೋರಿಸುವಾಗ ಅವರಿಗೆ ಸಂಕೋಚವೂ ಇರಲಿಲ್ಲ, ದುಃಖವೂ ಇರಲಿಲ್ಲ. ಒಳಗೆ ಹೋಗಿ ಒಂದು ಕೈಒರಸು ತಂದರು; ಮದುವೆಗೆ ಕೊಟ್ಟದ್ದು, ಅರವತ್ತು ವರ್ಷ ಒಗೆದದ್ದು. ಬೆರಳ ನಡುವೆ ಹಿಡಿದರೆ ರೇಷ್ಮೆಯಷ್ಟೇ ತಣ್ಣಗಿತ್ತು.

ರೇಷ್ಮೆ ಎಂದೆನಲ್ಲ. ನಮ್ಮ ಅತ್ತಿಗೆಯ ತವರು ಶಿಡ್ಲಘಟ್ಟ. ಅವರು ಮದುವೆಗೆ ಮುಂಚೆಯೂ ಆಮೇಲೆಯೂ ನೂಲು ಬಿಚ್ಚಾಣಿಕೆಯಲ್ಲಿ ದುಡಿದವರು. ಗೂಡು ಬೇಯುವ ಬಿಸಿನೀರಿನಲ್ಲಿ ಕೈಯಾಡಿಸಿ, ಎಳೆಯ ತುದಿ ಹುಡುಕಿ, ಐದಾರು ಎಳೆ ಸೇರಿಸಿ ಚರಕಕ್ಕೆ ಕೊಡುವ ಆ ಕೆಲಸದಲ್ಲಿ ಬೆರಳ ತುದಿಯ ಚರ್ಮ ಬೆಳ್ಳಗಾಗಿ, ಸುಕ್ಕಾಗಿ, ಸುಲಿದು ಬರುತ್ತದೆ. ಊಟಕ್ಕೆ ಕೂತಾಗ ಸಾರಿನ ಉಪ್ಪುಖಾರ ತಾಗಿ ಅವರು ಒಂದು ಕ್ಷಣ ಉಸಿರು ಹಿಡಿಯುತ್ತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೆಸ್‌ಬ್ರುಕ್ಕಿನ ಆ ಕಾಲ್ಬೆರಳೂ ಶಿಡ್ಲಘಟ್ಟದ ಈ ಕೈಬೆರಳೂ ಬಿಸಿನೀರಿನಿಂದಲೇ ಕೆಟ್ಟವು. ಮೈಮೇಲೆ ತಣ್ಣಗೆ ಕೂರುವ ಬಟ್ಟೆಗಳೆರಡೂ ಸುಡುವ ನೀರಿನಿಂದ ಎದ್ದು ಬಂದವು ಎಂದು ಹೆಂಡತಿಗೆ ಹೇಳಿದೆ. ಅವಳು, ‘ಮೊದಲು ಮಗು ಹಿಡ್ಕೊಳ್ರಿ, ಆಮೇಲೆ ಭಾಷಣ’ ಎಂದಳು.

ಊರಿನ ಕಥೆಗೆ ಬರುತ್ತೇನೆ. ಬೆಸ್‌ಬ್ರುಕ್ಕಿನಲ್ಲಿ ಬಟ್ಟೆಯ ಕೆಲಸ ಹದಿನೆಂಟನೆಯ ಶತಮಾನದಿಂದಲೂ ಇತ್ತು. ಹಿಂದಿನ ಒಂದು ಲಿನಿನ್ ಮನೆತನದ ಬೆಸ್ ಎಂಬ ಹೆಣ್ಣುಮಗಳ ಹೆಸರಿಗೆ ಅಲ್ಲಿಯ ತೊರೆ (ಇಂಗ್ಲಿಷಿನಲ್ಲಿ ಬ್ರುಕ್) ಸೇರಿ ಊರಿನ ಹೆಸರಾಯಿತು ಎನ್ನುತ್ತಾರೆ. ಈಗಿನ ಊರನ್ನು ಕಟ್ಟಿದವರು ಜಾನ್ ಗ್ರಬ್ ರಿಚರ್ಡ್‌ಸನ್. 1845ರಲ್ಲಿ ಅವರು ಈ ಜಾಗವನ್ನು ಕೈಗೆ ತೆಗೆದುಕೊಂಡರು. ಅವರು ಕ್ವೇಕರ್ ಪಂಥದವರು. ಯುದ್ಧಕ್ಕೂ ಮದ್ಯಕ್ಕೂ ವಿರೋಧಿಗಳಾದ, ವ್ಯಾಪಾರದಲ್ಲಿ ಮಾತ್ರ ಬಹಳ ಚುರುಕಾದ ಪಂಥ ಅದು. ದೊಡ್ಡ ಪಟ್ಟಣದ ಕೊಳೆಗೇರಿಯಲ್ಲಿ ಕಾರ್ಮಿಕರನ್ನು ತುಂಬಿ ಅವರ ಹೊಣೆ ಹೊರುವುದು ರಿಚರ್ಡ್‌ಸನ್ನರಿಗೆ ಒಪ್ಪಿಗೆಯಾಗಲಿಲ್ಲ. ಯಂತ್ರ ತಿರುಗಿಸಲು ತೊರೆಯ ನೀರು, ಸುತ್ತಲ ಹೊಲಗಳಲ್ಲಿ ಅಗಸೆ, ನೆಲದಲ್ಲಿ ಕಟ್ಟಡಕ್ಕೆ ಬೇಕಾದಷ್ಟು ಗ್ರಾನೈಟ್ ಇದ್ದ ಈ ಹಳ್ಳಿಯಲ್ಲಿ ಗಿರಣಿಯ ಜೊತೆಗೆ ಊರನ್ನೂ ಕಟ್ಟಿದರು. ಚಾರ್ಲ್‌ಮಾಂಟ್ ಚೌಕ, ಕಾಲೇಜ್ ಚೌಕ ಎಂಬ ಎರಡು ಹಸಿರು ಅಂಗಳಗಳ ಸುತ್ತ ಮನೆಗಳು, ತರಕಾರಿ ಬೆಳೆದುಕೊಳ್ಳಲು ತುಂಡು ನೆಲ, ಎಲ್ಲ ಪಂಗಡದ ಮಕ್ಕಳೂ ಒಟ್ಟಿಗೆ ಕೂರುವ ಶಾಲೆ, ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಅವರವರ ಚರ್ಚು. ಇದೇ ಬಗೆಯ ಊರೆಂದು ಜಗತ್ತು ಹೆಚ್ಚಾಗಿ ಕೊಂಡಾಡುವ ಇಂಗ್ಲೆಂಡಿನ ಸಾಲ್ಟೇರ್ ಇನ್ನೂ ಹುಟ್ಟಿರಲಿಲ್ಲ. ಚಾಕೊಲೇಟಿನ ಕ್ಯಾಡ್ಬರಿಯವರ ಬೋರ್ನ್‌ವಿಲ್ ಬಂದದ್ದಂತೂ ಅರ್ಧ ಶತಮಾನದ ನಂತರ.

ಆ ಊರಿನ ಪ್ರಸಿದ್ಧ ಕಟ್ಟಳೆಯೊಂದಿದೆ. ಪಬ್ ಇರಕೂಡದು, ಪಾನ್ ಅಂಗಡಿ ಇರಕೂಡದು, ಅವೆರಡೂ ಇಲ್ಲದಿದ್ದರೆ ಪೊಲೀಸ್ ಠಾಣೆಯೂ ಬೇಕಾಗುವುದಿಲ್ಲ. ಪಾನ್ ಅಂಗಡಿಯೆಂದರೆ ಎಲೆಅಡಿಕೆಯದಲ್ಲ, ಒಡವೆ ಪಾತ್ರೆಗಳನ್ನು ಒತ್ತೆ ಇಟ್ಟುಕೊಳ್ಳುವ ಗಿರವಿ ಅಂಗಡಿ. ಆ ಮೂರು ‘ಪ’ಗಳಲ್ಲಿ ಮೊದಲನೆಯದು ಇವತ್ತಿಗೂ ಊರೊಳಗೆ ಬಂದಿಲ್ಲ. ಕುಡಿಯಬೇಕೆನ್ನಿಸಿದವರು ಪಕ್ಕದ ಕ್ಯಾಮ್ಲಾಕ್ ಹಳ್ಳಿಗೆ ನಡೆದುಹೋಗುತ್ತಿದ್ದರು, ಬರುವಾಗ ದಾರಿ ಸ್ವಲ್ಪ ಉದ್ದವಾಗುತ್ತಿತ್ತು ಎಂದು ನೆರೆಯಾಕೆ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ರಾಬರ್ಟ್‌ಸನ್‌ಪೇಟೆಯ ಗಿರವಿ ಅಂಗಡಿಗಳ ಸಾಲು ನೆನಪಾಯಿತು. ಚಿನ್ನ ಅಗೆದು ತೆಗೆಯುವವರ ಮನೆಯ ಹೆಂಗಸರ ತಾಳಿಯ ಗುಂಡುಗಳು ತಿಂಗಳ ಮೂರನೆಯ ವಾರದಲ್ಲಿ ಆ ಅಂಗಡಿಗಳ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ನಮ್ಮ ತಾಯಿ ಅರಿಶಿನ ಕೊಂಬು ಕಟ್ಟಿಕೊಂಡು ಓಡಾಡಿದ ತಿಂಗಳುಗಳನ್ನು ನಾನು ಲೆಕ್ಕ ಇಟ್ಟಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ರಿಚರ್ಡ್‌ಸನ್ನರನ್ನು ದೇವರ ಪಕ್ಕದಲ್ಲಿ ಕೂರಿಸುವ ಇರಾದೆ ನನಗಿಲ್ಲ. ಊರು ಕಟ್ಟಿದ ವರ್ಷವನ್ನು ಗಮನಿಸಬೇಕು. 1845ರಲ್ಲಿಯೇ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ, ನಾಲ್ಕೈದು ವರ್ಷ ನಡೆದ ಮಹಾಕ್ಷಾಮದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತು, ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಕ್ವೇಕರರು ಆಗ ಗಂಜಿಕೇಂದ್ರ ನಡೆಸಿ ಪ್ರಾಣ ಉಳಿಸಿದ್ದು ನಿಜ. ಹೊಟ್ಟೆಗಿಲ್ಲದವರು ಗಿರಣಿಯ ಬಾಗಿಲಿಗೆ ಬಂದು ನಿಂತದ್ದೂ ಅಷ್ಟೇ ನಿಜ. ನಮ್ಮಲ್ಲಿಯೂ ಹಾಗೆಯೇ ಆಯಿತು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನೂ ಮದರಾಸು ಪ್ರಾಂತವನ್ನೂ ಬರಿದು ಮಾಡಿದ, ನಮ್ಮ ಅಜ್ಜಂದಿರು ಧಾತು–ಈಶ್ವರ ಬರ ಎಂದು ಕರೆಯುತ್ತಿದ್ದ ಕ್ಷಾಮ ಮುಗಿದ ಬೆನ್ನಿಗೇ, 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಹಿಡಿಯಿತು. ಉತ್ತರ ಆರ್ಕಾಟಿನಿಂದ ಗಂಟುಮೂಟೆ ಹೊತ್ತು ಬಂದು ಗಣಿಯ ಬಾವಿಗೆ, ಅಂದರೆ ಶಾಫ್ಟಿಗೆ ಇಳಿದವರಲ್ಲಿ ಬಹುಪಾಲು ಊರಿನಲ್ಲಿ ತುಂಡು ನೆಲವೂ ಇಲ್ಲದ ದಲಿತರು. ಕಂಪನಿಗಳು ಊರು ಕಟ್ಟಿದ ಕಥೆಯನ್ನು ಬರೆಯುವವರು ಜನ ಯಾಕೆ ಬಂದರು ಎಂಬುದನ್ನೂ ಬರೆಯಬೇಕು. ಅಂದಹಾಗೆ, ಟೇಲರ್ ಕಂಪನಿಗಿಂತ ಮೊದಲು, 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಕೋಲಾರದಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದ ಮೈಕಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಕೂಡ ಐರಿಷ್ ಮೂಲದವನೇ. ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ಈಗ ಓಡಾಡುವವರಿಗೆ ಈ ಸಂಗತಿ ನೆನಪಿರುವುದು ಅಪರೂಪ.

ಮನೆ ಕಂಪನಿಯದು ಎಂಬುದರ ಅರ್ಥವನ್ನು ಅದರಲ್ಲಿ ಬದುಕಿದವರೇ ಬಲ್ಲರು. ಬಾಡಿಗೆ ಕಡಿಮೆ, ಸೂರು ಗಟ್ಟಿ, ನೀರು ಹತ್ತಿರ. ಆದರೆ ಕೆಲಸ ಹೋದ ದಿನವೇ ಮನೆಯೂ ಹೋಗುತ್ತದೆಂಬ ಅಂಜಿಕೆ ಗೋಡೆಯಷ್ಟೇ ಗಟ್ಟಿಯಾಗಿ ನಿಂತಿರುತ್ತದೆ. ಹಾಗಾಗಿ ಮೇಲಿನವರ ಎದುರು ದನಿ ತಗ್ಗುತ್ತದೆ. ಮಗ ಗಿರಣಿಗೆ ಅಥವಾ ಗಣಿಗೆ ಸೇರಿದರೆ ಮನೆ ಉಳಿಯುತ್ತದೆಂಬ ಲೆಕ್ಕಾಚಾರದಲ್ಲಿ ಮಗನ ಓದು ನಿಲ್ಲುತ್ತದೆ. ಬ್ರಿಟನ್ನಿನ 1844ರ ಕಾಯ್ದೆ ಎಂಟು ವರ್ಷ ತುಂಬಿದ ಮಕ್ಕಳು ಅರ್ಧ ಹೊತ್ತು ಗಿರಣಿಯಲ್ಲಿ ದುಡಿದು ಅರ್ಧ ಹೊತ್ತು ಶಾಲೆಯಲ್ಲಿ ಕೂರುವುದಕ್ಕೆ ಅವಕಾಶ ಕೊಟ್ಟಿತ್ತು. 1874ರ ಕಾಯ್ದೆಯಿಂದ ಆ ವಯಸ್ಸು ಹತ್ತಕ್ಕೆ ಏರಿತು. ಲಿನಿನ್ ಗಿರಣಿಗಳು ಇಂಥ ಅರ್ಧ ಹೊತ್ತಿನ ಮಕ್ಕಳ ಮೇಲೆಯೇ ನಿಂತಿದ್ದವು. ಹಸಿರು ಚೌಕದ ಸುತ್ತಲಿನ ಮಾದರಿ ಶಾಲೆಯಲ್ಲಿ ತೂಕಡಿಸುತ್ತ ಕೂತ ಆ ಮಕ್ಕಳನ್ನು ನನ್ನಲ್ಲಿರುವ ಮೇಷ್ಟರು ಮರೆಯಲಾರ. ಬೆಳಗಿನ ಪಾಳಿಗೆ ಅಪ್ಪನಿಗೆ ಬುತ್ತಿ ಕೊಟ್ಟು ಓಡಿಬಂದು ಕೊನೆಯ ಬೆಂಚಿನಲ್ಲಿ ನಿದ್ದೆ ಹೋಗುತ್ತಿದ್ದ ಹುಡುಗರು ನನ್ನ ತರಗತಿಯಲ್ಲಿಯೂ ಇದ್ದರು.

ನೀರಿನಿಂದ ವಿದ್ಯುತ್ ತೆಗೆದದ್ದರಲ್ಲಿ ಎರಡು ಊರುಗಳಿಗೂ ಹೆಮ್ಮೆ ಪಡುವ ಹಕ್ಕಿದೆ. ಬೆಸ್‌ಬ್ರುಕ್ಕಿನಿಂದ ನ್ಯೂರಿಗೆ 1885ರಲ್ಲಿಯೇ ಜಲವಿದ್ಯುತ್ತಿನಿಂದ ಓಡುವ ಟ್ರಾಮ್ ಹಾಕಿದರು. ಅದರ ಸರಕಿನ ಬಂಡಿಗಳ ಗಾಲಿಗೆ ಹಳಿಯನ್ನು ಹಿಡಿದುಕೊಳ್ಳುವ ಅಂಚುಕಟ್ಟು ಇರಲಿಲ್ಲ. ಹಳಿಯಿಂದ ಇಳಿಸಿ, ಕುದುರೆ ಕಟ್ಟಿ, ಹಾಗೆಯೇ ರಸ್ತೆಯ ಮೇಲೆ ಎಳೆದೊಯ್ಯಬಹುದಿತ್ತು. ಕಲ್ಲಿದ್ದಲನ್ನು ಬಂದರಿನಿಂದ ಗಿರಣಿಯ ಅಂಗಳದವರೆಗೆ ಕೈಬದಲಾಯಿಸದೆ ತರುವ ಈ ಉಪಾಯವನ್ನು ಕೇಳಿದಾಗ ನನಗೆ ಖುಷಿಯಾಯಿತು. 1948ರ ಜನವರಿಯಲ್ಲಿ ಆ ಟ್ರಾಮ್ ನಿಂತಿತು. ನಮ್ಮ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಕ್ಕೆ ಮೂರು ವರ್ಷ ಆದಮೇಲೆ ಎಂಬುದನ್ನು ನಾವು ಕೆಜಿಎಫ್‌ನವರು ಯಾರಿಗಾದರೂ ಹೇಳದೆ ಬಿಡುವುದಿಲ್ಲ. ಆದರೆ ಆ ವಿದ್ಯುತ್ತು ಶಾಫ್ಟಿನ ಯಂತ್ರಕ್ಕೂ ದೊರೆಗಳ ಬಂಗಲೆಗೂ ಬಂದ ಎಷ್ಟೋ ಕಾಲದ ಮೇಲೆ ಲೈನ್ ಮನೆಯೊಳಗೆ ಬಂತು. ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಶುರುವಾದ ಲೈನುಗಳು ಅವು. ಕ್ಲಬ್ಬು, ಗಾಲ್ಫ್ ಮೈದಾನ, ಬಂಗಲೆಗಳನ್ನು ನೋಡಿ ಈ ಊರನ್ನು ‘ಲಿಟಲ್ ಇಂಗ್ಲೆಂಡ್’ ಎಂದು ಕರೆದವರು ಲೈನುಗಳ ಕಡೆಗೆ ಕತ್ತು ತಿರುಗಿಸಿರಲಾರರು.

ಗಿರಣಿಯ ಏಳುಬೀಳನ್ನು ಹೆಚ್ಚು ಬೆಳೆಸುವುದಿಲ್ಲ. ಅಮೆರಿಕದ ಅಂತರ್ಯುದ್ಧದಿಂದ 1861ರಿಂದ 1865ರವರೆಗೆ ಹತ್ತಿ ಬರುವುದು ನಿಂತಾಗ ಲಿನಿನ್‌ಗೆ ಬೇಡಿಕೆ ಏರಿ ಬೆಸ್‌ಬ್ರುಕ್ ಬೆಳೆಯಿತು. ಅದೇ ಯುದ್ಧ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಬಂಗಾರದ ಬೆಲೆ ತಂದಿತ್ತು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನದ ರೆಕ್ಕೆಗಳಿಗೆ ಹೊದಿಸಲು ಐರಿಷ್ ಲಿನಿನ್ ಹೋಯಿತು. ಎರಡನೆಯದರ ನಂತರ ನೈಲಾನ್, ಪಾಲಿಯೆಸ್ಟರ್ ಬಂದವು, ಊಟದ ಮೇಜಿಗೆ ಬಟ್ಟೆ ಹಾಸುವ ಅಭ್ಯಾಸ ಹೋಯಿತು, ಒಂದೊಂದೇ ಗಿರಣಿ ನಿಂತಿತು. ಬೆಸ್‌ಬ್ರುಕ್ಕಿನದು 1970ರ ದಶಕದ ಆರಂಭದಲ್ಲಿ ಮುಚ್ಚಿತು.

ಮುಚ್ಚಿದ ಮೇಲೆ ನಡೆದದ್ದು ಕ್ವೇಕರರ ಊರಿಗೆ ಯಾರೂ ಬಯಸದ ಸಂಗತಿ. ಉತ್ತರ ಐರ್ಲೆಂಡಿನಲ್ಲಿ ಆಗ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಕಲಹ ಹೊತ್ತಿ ಉರಿಯುತ್ತಿತ್ತು. ಯುದ್ಧವನ್ನು ಪಾಪವೆಂದು ನಂಬಿದವರು ಕಟ್ಟಿದ ಗಿರಣಿಯಲ್ಲಿ ಬ್ರಿಟಿಷ್ ಸೈನ್ಯ ಬೀಡು ಬಿಟ್ಟಿತು. ಅಲ್ಲಿಂದ ಏಳುತ್ತಿದ್ದ ಹೆಲಿಕಾಪ್ಟರುಗಳಷ್ಟು ಯುರೋಪಿನ ಬೇರೆಲ್ಲಿಯೂ ಏಳುತ್ತಿರಲಿಲ್ಲ ಎಂಬ ಮಾತು ಊರಿನಲ್ಲಿದೆ. ಸೈನ್ಯ ಹೊರಟದ್ದು 2007ರಲ್ಲಿ. 1976ರ ಜನವರಿ 5ರ ಸಂಜೆ, ಹತ್ತಿರದ ಗ್ಲೆನ್ಯಾನ್ ಎಂಬಲ್ಲಿನ ಬಟ್ಟೆ ಗಿರಣಿಯಲ್ಲಿ ಕೆಲಸ ಮುಗಿಸಿ ಬೆಸ್‌ಬ್ರುಕ್ಕಿಗೆ ಮರಳುತ್ತಿದ್ದ ಕಾರ್ಮಿಕರ ವ್ಯಾನನ್ನು ಬಂದೂಕುಧಾರಿಗಳು ಕಿಂಗ್ಸ್‌ಮಿಲ್ ಎಂಬಲ್ಲಿ ತಡೆದು, ನಿಮ್ಮಲ್ಲಿ ಕ್ಯಾಥೊಲಿಕ್ ಯಾರು ಎಂದು ಕೇಳಿದರು. ಅವರಲ್ಲಿದ್ದ ಒಬ್ಬನೇ ಕ್ಯಾಥೊಲಿಕ್‌ನನ್ನು ಕೊಲ್ಲಲು ಬಂದಿದ್ದಾರೆಂದು ಭಾವಿಸಿದ ಪ್ರಾಟೆಸ್ಟೆಂಟ್ ಜೊತೆಗಾರರು, ಮುಂದೆ ಬರಬೇಡವೆಂದು ಅವನ ಕೈ ಹಿಡಿದು ತಡೆದರು. ಬಂದವರು ಅವನನ್ನು ಓಡಿಸಿ ಉಳಿದವರ ಮೇಲೆ ಗುಂಡು ಹಾರಿಸಿದರು. ಹತ್ತು ಜನ ಸತ್ತರು, ಒಬ್ಬರು ಮೈತುಂಬ ಗುಂಡು ತಿಂದು ಬದುಕಿದರು. ಊರಿನ ನಡುವೆ ಅವರ ಹೆಸರಿನ ಕಲ್ಲಿದೆ. ಆ ಕೈ ಹಿಡಿದದ್ದು ಎಲ್ಲಿ ಕಲಿತದ್ದು ಎಂದು ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ಯೋಚಿಸಿದೆ. ಒಂದೇ ಪಾಳಿಯಲ್ಲಿ ದುಡಿದು ಒಂದೇ ವ್ಯಾನಿನಲ್ಲಿ ಮನೆಗೆ ಹೋಗುವವರ ನಡುವೆ ಹುಟ್ಟುವ ಆ ಬಳಕೆಯನ್ನು ನಾನೂ ಬಲ್ಲೆ. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಕಲಸಿಹೋದ ನಮ್ಮ ಲೈನಿನಲ್ಲಿ ಗಣಿಯಾಳದಲ್ಲಿ ಬಂಡೆ ಸಿಡಿದು, ಅಂದರೆ ರಾಕ್‌ಬರ್ಸ್ಟ್ ಆಗಿ, ಮನೆಯ ಪಾತ್ರೆಗಳು ಅಲುಗಿದ ರಾತ್ರಿ, ಶಾಫ್ಟಿನ ಬಾಯಿಗೆ ಓಡುತ್ತಿದ್ದ ಹೆಂಗಸರು ಕೇಳುತ್ತಿದ್ದದ್ದು ಯಾವ ಲೆವೆಲ್, ಎಷ್ಟು ಆಳದ ಸುರಂಗ ಎಂದು ಮಾತ್ರ. ಯಾವ ಜಾತಿಯವರೆಂದು ಕೇಳಿದ್ದನ್ನು ನಾನು ಕಾಣೆ.

ಈಗ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ಬೆಸ್‌ಬ್ರುಕ್ಕಿನ ಗಿರಣಿಯ ಕೆಲಸ ನಿಂತುಹೋಗಿದೆ, ಆದರೆ ಮನೆಗಳು ಉಳಿದಿವೆ. ಅವುಗಳ ಹೊರರೂಪವನ್ನು ಮನಬಂದಂತೆ ಬದಲಿಸದಂತೆ ಊರನ್ನು ಸಂರಕ್ಷಿತ ಪ್ರದೇಶವಾಗಿ ಗುರುತಿಸಿದ್ದಾರೆ. ಊರು ಕಟ್ಟಿದವರ ಹೆಸರಿನ ಜೊತೆಗೆ ಕದಿರು ಬದಲಿಸಿದ ಹುಡುಗಿಯರ ಮಾತುಗಳೂ ಅಲ್ಲಿ ಉಳಿದಿವೆ. ನಮ್ಮಲ್ಲಿ ಗಣಿ ಮುಚ್ಚಿ ಇಪ್ಪತ್ತು ವರ್ಷಗಳ ಮೇಲಾಯಿತು. ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ರಾಶಿಗಳಾದ ಸೈನೈಡ್ ದಿಬ್ಬಗಳಲ್ಲಿ ಇನ್ನೂ ಎಷ್ಟು ಚಿನ್ನ ಉಳಿದಿರಬಹುದೆಂಬ ಲೆಕ್ಕ ಮೇಲಿಂದ ಮೇಲೆ ನಡೆಯುತ್ತದೆ. ಲೈನುಗಳಲ್ಲಿ ಏನು ಉಳಿದಿದೆ ಎಂಬ ಲೆಕ್ಕ ಒಮ್ಮೆಯೂ ನಡೆದಿಲ್ಲ. ಗೋಡೆಗಳು ವರ್ಷಕ್ಕೊಂದು ಸಾಲು ಬೀಳುತ್ತಿವೆ. ಬೀಳದ ಮನೆಗಳಿಗೆ ಜನ ತಮ್ಮ ಅನುಕೂಲಕ್ಕೆ ತಕ್ಕಂತೆ ಕೋಣೆ ಸೇರಿಸಿ, ತಗಡು ಹೊದಿಸಿಕೊಂಡಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ, ಬದುಕುವವರಿಗೆ ಮನೆ ಬೇಕು, ವಸ್ತುಸಂಗ್ರಹಾಲಯ ಬೇಡ. ಅವರಿಗೆ ಆ ಮನೆಗಳ ಹಕ್ಕು ಸಿಗಲೇಬೇಕೆಂಬುದು ನನ್ನ ಅಭಿಪ್ರಾಯ. ಅದು ಬೇರೆಯೇ ಪತ್ರದ ವಿಷಯ.

ನಾನು ಕೇಳುವುದು ಸಣ್ಣದು. ಒಂದೇ ಒಂದು ಲೈನನ್ನು, ಯಾರೂ ವಾಸವಿಲ್ಲದ್ದನ್ನು ಆರಿಸಿ, ಇದ್ದಂತೆಯೇ ಉಳಿಸಬೇಕು. ಅದರ ಒಲೆ, ಗೂಡು, ಬಾಗಿಲ ಮೇಲಿನ ನಂಬರು, ಹೊರಗಿನ ಸಾಮೂಹಿಕ ನಲ್ಲಿ ಎಲ್ಲವೂ ಇರಬೇಕು. ಉಳಿದವುಗಳನ್ನು ಬೀಳುವ ಮೊದಲು ಅಳತೆ ತೆಗೆದು ನಕ್ಷೆ ಬರೆಸಬೇಕು. ಯಾವ ಮನೆಯಲ್ಲಿ ಯಾವ ಊರಿಂದ ಬಂದ, ಯಾವ ಕೆಲಸದ ಸಂಸಾರ ಇತ್ತೆಂಬುದನ್ನು ನೆನಪಿರುವವರಿಂದ ಕೇಳಿ ಬರೆದಿಡಬೇಕು. 1930ರಲ್ಲಿ ಬೆರಳಚ್ಚು ಒತ್ತಿ ಹೆಸರು ಬರೆಸಬೇಕೆಂಬ ಕಟ್ಟಳೆಯ ವಿರುದ್ಧ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದ್ದು ಈ ಲೈನುಗಳ ಜಗಲಿಗಳ ಮೇಲೆ ಕೂತು ಮಾತಾಡಿಕೊಂಡೇ. ಆ ಮುಷ್ಕರವನ್ನು ಕಂಡವರು ಈಗಿಲ್ಲ, ಕಂಡವರಿಂದ ಕೇಳಿದವರು ಇದ್ದಾರೆ. ಕೋಲಾರದಲ್ಲಿ ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೇ ಇದೆ. ಜಿಲ್ಲೆಯಲ್ಲಿ ಇತಿಹಾಸ ಕಲಿಸುವ ಪದವಿ ಕಾಲೇಜುಗಳಿಗೆ ಕೊರತೆಯಿಲ್ಲ. ಒಂದು ಬೇಸಿಗೆ ರಜೆ, ಇಪ್ಪತ್ತು ವಿದ್ಯಾರ್ಥಿಗಳು, ಧ್ವನಿ ಮುದ್ರಿಸಲು ಅವರ ಜೇಬಿನಲ್ಲಿಯೇ ಇರುವ ಮೊಬೈಲುಗಳು. ಕೆಲಸ ಶುರುವಾಗಲು ಇದಕ್ಕಿಂತ ಹೆಚ್ಚು ಬೇಕಿಲ್ಲ. ಗಂಡಸರು ಗಣಿಯ ಆಳದ ಬಗ್ಗೆಯೇ ಮಾತಾಡುತ್ತಾರೆ. ಊರಿನ ಬಗ್ಗೆ ಕೇಳಬೇಕಾದದ್ದು ಹೆಂಗಸರನ್ನು. ನೀರಿಗೆ ಎಷ್ಟು ಹೊತ್ತಿಗೆ ಎದ್ದರು, ರೇಷನ್ ಅಕ್ಕಿ ಎಷ್ಟು ದಿನಕ್ಕೆ ಮುಗಿಯುತ್ತಿತ್ತು, ರಾತ್ರಿ ಪಾಳಿಯವರು ಹಗಲು ಮಲಗಿದ್ದಾಗ ಹತ್ತಡಿ ಕೋಣೆಯಲ್ಲಿ ಮಕ್ಕಳ ಗಲಾಟೆಯನ್ನು ಹೇಗೆ ತಡೆದರು ಎಂಬುದು ಅವರಿಗೆ ಮಾತ್ರ ಗೊತ್ತು.

ನನ್ನ ತಂದೆಯವರ ಹಾಜರಿಯ ಹಿತ್ತಾಳೆ ಬಿಲ್ಲೆ, ತಗಡಿನ ಊಟದ ಡಬ್ಬಿ, ಬಾಡಿಗೆಯನ್ನೂ ಸೊಸೈಟಿ ಸಾಲವನ್ನೂ ಕಳೆದು ಕೈಗೆ ಬಂದದ್ದೆಷ್ಟೆಂದು ತೋರಿಸುವ ಸಂಬಳದ ಚೀಟಿಗಳ ಒಂದು ಕಟ್ಟು ನನ್ನಲ್ಲಿವೆ. ಅಕ್ಷರ ಮಾಸುತ್ತಿದೆ, ಆದರೂ ಓದಬಹುದು. ಇಂಥ ಕೆಲಸಕ್ಕೆ ಯಾರೇ ಮುಂದೆ ಬಂದರೂ ಅವನ್ನು ಕೊಡಲು ಸಿದ್ಧನಿದ್ದೇನೆ. ತಮ್ಮ ಪತ್ರಿಕೆಯ ಓದುಗರ ಮನೆಗಳಲ್ಲಿಯೂ ಟ್ರಂಕಿನ ತಳದಲ್ಲಿ ಇಂಥವು ಇದ್ದಾವು. ನಾನು ಹುಟ್ಟಿದ ಲೈನಿನಲ್ಲಿ ತೊಂಬತ್ತರ ಆಸುಪಾಸಿನ ಇಬ್ಬರು ಅಜ್ಜಿಯರು ಈಗಲೂ ಇದ್ದಾರೆ. ಒಬ್ಬರಿಗೆ ಕಿವಿ ಮಂದ; ಆದರೆ ಬೆಳಗಿನ ಕಾಫಿ ಆದಮೇಲೆ ಹತ್ತು ಗಂಟೆಯವರೆಗೆ ಚೆನ್ನಾಗಿ ಮಾತಾಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ,
ರಾಬರ್ಟ್‌ಸನ್‌ಪೇಟೆ, ಕೆಜಿಎಫ್, ಕೋಲಾರ ಜಿಲ್ಲೆ